ಡಿಕ್ಕಿಯಲ್ಲಿ ಕಾರು ನುಜ್ಜುಗುಜ್ಜು: ರಿಪೇರಿಯೋ, ಟೋಟಲ್ ಲಾಸೋ? ವಿಮೆಯ ಲೆಕ್ಕ ಬಿಡಿಸೋಣ

ತುಂಗಾತೀರ

ಮುಂಭಾಗ ಕುಸಿದ, ಏರ್‌ಬ್ಯಾಗ್ ತೆರೆದುಕೊಂಡ ಕಾರುಗಳ ಕ್ಲೇಮಿನ ಬಗ್ಗೆ ಪ್ರಶ್ನೆಗಳು ಬಿಡಿಬಿಡಿಯಾಗಿ ಬರುತ್ತಲೇ ಇವೆ. ಎಲ್ಲ ಒಂದೇ ಕಡೆ ಇರಲಿ ಎಂದು ಈ ಚರ್ಚೆ ಶುರು ಮಾಡಿದ್ದೇನೆ. ಗೀರು, ಬಂಪರ್, ಕನ್ನಡಿಯ ಮಾತು ಇಲ್ಲಿ ಬೇಡ. ಕಾರನ್ನು ಉಳಿಸಿಕೊಳ್ಳಬೇಕೋ ಬಿಟ್ಟುಕೊಡಬೇಕೋ ಎಂದು ಯೋಚಿಸುವಷ್ಟು ದೊಡ್ಡ ಜಖಂ ಆದಾಗ ಏನು ಮಾಡಬೇಕು ಎಂಬುದಷ್ಟೇ ವಿಷಯ.

ಮೊದಲ ದಿನ. ಗಾಯಾಳುಗಳಿದ್ದರೆ 112. ರಾಷ್ಟ್ರೀಯ ಹೆದ್ದಾರಿಯಾದರೆ 1033. ಆಂಬುಲೆನ್ಸ್ ಮಾತ್ರವಲ್ಲ, ಕ್ರೇನಿಗೂ ಅದೇ ನಂಬರ್. ಯಾರಿಗಾದರೂ ಪೆಟ್ಟಾಗಿದ್ದರೆ ಚಾಲಕ 24 ಗಂಟೆಯೊಳಗೆ ಠಾಣೆಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಹೇಳುತ್ತದೆ. ಪೆಟ್ಟಾಗದಿದ್ದರೂ ದೊಡ್ಡ ಜಖಂ ಆಗಿದ್ದರೆ ಠಾಣೆಯಲ್ಲಿ ಒಂದು ದೂರು ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಮುಂದೆ ಎದುರು ವಾಹನದ ಮೇಲೆ ಪರಿಹಾರ ಕೇಳುವುದಾದರೆ ಈ ಕಾಗದವಿಲ್ಲದೆ ಹೆಜ್ಜೆ ಮುಂದಿಡಲಾಗುವುದಿಲ್ಲ.

ವಿಮಾ ಕಂಪನಿಗೆ ಅವತ್ತೇ ಫೋನ್ ಮಾಡಿ ಕ್ಲೇಮ್ ನಂಬರ್ ಪಡೆಯಿರಿ. ಕಾರು ಅಲ್ಲಿಂದ ಕದಲುವ ಮೊದಲು ಫೋಟೊ ತೆಗೆಯಿರಿ: ನಂಬರ್ ಪ್ಲೇಟ್ ಕಾಣುವಂತೆ ನಾಲ್ಕೂ ಕಡೆ, ರಸ್ತೆಯ ಮೇಲಿನ ಟೈರ್ ಗುರುತು, ಎದುರು ವಾಹನದ ನಂಬರ್, ಓಡೋಮೀಟರ್, ನೆಲಕ್ಕೆ ಸುರಿದ ಆಯಿಲ್ ಮತ್ತು ಕೂಲೆಂಟ್.

ಎಂಜಿನ್ ಚಾಲೂ ಆಗುತ್ತದೆ ಎಂದು ಕಾರನ್ನು ಓಡಿಸಿಕೊಂಡು ಹೋಗಬೇಡಿ. ಮುಂದಿನಿಂದ ಪೆಟ್ಟು ಬಿದ್ದಾಗ ರೇಡಿಯೇಟರ್ ಒಡೆದಿರುವುದೇ ಹೆಚ್ಚು. ಕೂಲೆಂಟ್ ಇಲ್ಲದೆ ನಾಲ್ಕೈದು ಕಿಲೋಮೀಟರ್ ಓಡಿದರೆ ಹೆಡ್ ಗ್ಯಾಸ್ಕೆಟ್ ಸುಡುತ್ತದೆ, ಇನ್ನೂ ಓಡಿದರೆ ಎಂಜಿನ್ ಸೀಜ್ ಆಗುತ್ತದೆ. ಅಪಘಾತದ ನಂತರ ರಿಪೇರಿ ಮಾಡದೆ ಓಡಿಸಿದ್ದರಿಂದ ಹೆಚ್ಚಾದ ಹಾನಿ ಮಾಲೀಕನದೇ ಹೊಣೆ ಎಂದು ಪಾಲಿಸಿಯ ಷರತ್ತಿನಲ್ಲೇ ಇದೆ. ಡಿಕ್ಕಿಯ ಜಖಮ್ಮಿಗೆ ದುಡ್ಡು ಬಂದು ಎಂಜಿನ್ನಿಗೆ ಬಾರದೇ ಹೋಗುವುದು ಹೀಗೆ.

ಟೋಯಿಂಗ್‌ಗೆ ಮಾಮೂಲಿ ಪಾಲಿಸಿ ಕೊಡುವುದು 1,500 ರೂಪಾಯಿವರೆಗೆ ಮಾತ್ರ. ರೋಡ್‌ಸೈಡ್ ಅಸಿಸ್ಟೆನ್ಸ್ ಸೇರಿಸಿದ್ದರೆ ಕಂಪನಿಯ ನಂಬರಿಗೇ ಕರೆ ಮಾಡಿ, ಅವರ ಗಾಡಿಯೇ ಬರಲಿ.

ಪಾನಾ 12

ಗ್ಯಾರೇಜಿನ ಕಡೆಯಿಂದ ನಾನು ಸೇರಿಸುತ್ತೇನೆ. ಮುಂದೆ ಗುದ್ದಿದ ಕಾರಿನ ಮೊದಲ ಎಸ್ಟಿಮೇಟು ಎಂದೂ ಕೊನೆಯ ಎಸ್ಟಿಮೇಟಲ್ಲ. ಹೊರಗಿನಿಂದ ಕಾಣುವುದು ಬಾನೆಟ್, ಬಂಪರ್, ಹೆಡ್‌ಲೈಟ್, ಫೆಂಡರ್. ಬಿಚ್ಚಿದ ಮೇಲೆ ರೇಡಿಯೇಟರ್ ಸಪೋರ್ಟ್, ಎಸಿ ಕಂಡೆನ್ಸರ್, ಏಪ್ರನ್, ಲಾಂಗ್ ಮೆಂಬರ್, ಕ್ರಾಸ್ ಮೆಂಬರ್, ಎಂಜಿನ್ ಮೌಂಟಿಂಗ್, ವೈರಿಂಗ್ ಹಾರ್ನೆಸ್ ಒಂದೊಂದಾಗಿ ಹೊರಬೀಳುತ್ತವೆ. ಗೇರ್‌ಬಾಕ್ಸ್ ಹೌಸಿಂಗಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಇಡೀ ಹೌಸಿಂಗ್ ಬದಲಿಸಬೇಕಾಗುತ್ತದೆ.

ಏರ್‌ಬ್ಯಾಗ್ ತೆರೆದಿದ್ದರೆ ಎರಡು ಚೀಲ ಬದಲಿಸಿ ಮುಗಿಸುವಂತಿಲ್ಲ. ಸ್ಟೀರಿಂಗ್ ಒಳಗಿನ ಕ್ಲಾಕ್ ಸ್ಪ್ರಿಂಗ್, ಏರ್‌ಬ್ಯಾಗ್ ಕಂಟ್ರೋಲ್ ಮಾಡ್ಯೂಲ್, ಮುಂದಿನ ಸೆನ್ಸರ್‌ಗಳು, ಪ್ರಿಟೆನ್ಶನರ್ ಸಮೇತ ಸೀಟ್ ಬೆಲ್ಟ್, ಹರಿದ ಡ್ಯಾಶ್‌ಬೋರ್ಡ್ ಎಲ್ಲವೂ ಪಟ್ಟಿಗೆ ಬರುತ್ತವೆ. ಸಣ್ಣ ಹ್ಯಾಚ್‌ಬ್ಯಾಕುಗಳು ಟೋಟಲ್ ಲಾಸ್ (ರಿಪೇರಿ ಬಿಟ್ಟು ಕಾರಿನ ಬೆಲೆಯನ್ನೇ ವಿಮಾ ಕಂಪನಿ ಕೊಡುವುದು) ಗೆರೆಗೆ ಹತ್ತಿರ ಬರುವುದು ಬಹಳ ಸಲ ಇದರಿಂದಲೇ.

ಬಿಚ್ಚುವುದಕ್ಕೆ ಸರ್ವೇಯರ್, ಅಂದರೆ ಹಾನಿ ಅಂದಾಜು ಮಾಡಲು ವಿಮಾ ಕಂಪನಿ ನೇಮಿಸುವವರ, ಒಪ್ಪಿಗೆ ಬೇಕು. ಅವರು ನೋಡುವ ಮೊದಲೇ ಬಿಚ್ಚಿದರೆ "ಈ ಭಾಗ ಈ ಅಪಘಾತದಲ್ಲೇ ಮುರಿದದ್ದು ಎನ್ನುವುದಕ್ಕೆ ಏನು ಸಾಕ್ಷಿ" ಎನ್ನುತ್ತಾರೆ, ಆಗ ಉತ್ತರ ಇರುವುದಿಲ್ಲ. ಬಿಚ್ಚಿದ ಮೇಲೆ ಮತ್ತೊಮ್ಮೆ ಅವರನ್ನು ಕರೆಸಿ ಪೂರಕ ಎಸ್ಟಿಮೇಟು ಕೊಡಬೇಕು. ಮುರಿದ ಭಾಗಗಳನ್ನು ಕ್ಲೇಮ್ ಮುಗಿಯುವವರೆಗೆ ಎಸೆಯಬಾರದು.

ಪೊಲೀಸ್ ಕೇಸಾಗಿದ್ದರೆ ಮೋಟಾರು ವಾಹನ ನಿರೀಕ್ಷಕರು ಬಂದು ನೋಡಿ ವರದಿ ಕೊಡುವವರೆಗೆ ಒಂದು ಬೋಲ್ಟನ್ನೂ ಮುಟ್ಟಬೇಡಿ. ಕಾರು ಠಾಣೆಯ ಅಂಗಳದಲ್ಲಿದ್ದರೆ ಸರ್ವೇಯರ್ ಅಲ್ಲಿಗೇ ಹೋಗಿ ಮೊದಲ ತಪಾಸಣೆ ಮಾಡಬಹುದು. ಕಂಪನಿಗೆ ಹಾಗೆಂದು ಮೇಲ್ ಹಾಕಿ.

ಬಯಲುಸೀಮೆ

ಎಸ್ಟಿಮೇಟು ಐಡಿವಿಯ (ಪಾಲಿಸಿಯಲ್ಲಿ ಬರೆದಿರೋ ಕಾರಿನ ಬೆಲೆ) 75% ದಾಟಿದರೆ ತಾನಾಗಿಯೇ ಟೋಟಲ್ ಲಾಸ್ ಅಂತ ಏಜೆಂಟರು ಹೇಳ್ತಾರೆ. ಆದರೆ ದಾಟಿದ ಮೇಲೂ ಕಂಪನಿಯವರು ರಿಪೇರಿ ಮಾಡಿಸಿ ಅಂತಾರಲ್ಲ ಸರ್, ಇದು ಹೇಗೆ?

ಲೆಕ್ಕದ ಪುಟ

ಬಯಲುಸೀಮೆ ಅವರೇ, ದೊಡ್ಡ ಕ್ಲೇಮುಗಳ ಅರ್ಧ ಜಗಳ ನಿಮ್ಮ ಈ ಪ್ರಶ್ನೆಯಲ್ಲೇ ಇದೆ. ಹಾಗಾಗಿ ಉದ್ದವಾಗಿಯೇ ಬರೆಯುತ್ತೇನೆ.

ಕಾರನ್ನು ತರುವ ಮತ್ತು ರಿಪೇರಿ ಮಾಡುವ ಒಟ್ಟು ವೆಚ್ಚ "ಪಾಲಿಸಿಯ ಷರತ್ತುಗಳಿಗೆ ಒಳಪಟ್ಟು" ಐಡಿವಿಯ 75% ಮೀರಿದರೆ ಅದನ್ನು ಟೋಟಲ್ ಲಾಸ್ ಎಂದು ಪರಿಗಣಿಸಬೇಕು. ಪಾಲಿಸಿಯ ಒಕ್ಕಣೆ ಸ್ಥೂಲವಾಗಿ ಹೀಗಿದೆ. ಏಜೆಂಟರು 75% ಎನ್ನುವುದನ್ನು ಹೇಳುತ್ತಾರೆ, "ಷರತ್ತುಗಳಿಗೆ ಒಳಪಟ್ಟು" ಎನ್ನುವುದನ್ನು ಬಿಡುತ್ತಾರೆ. ಕಂಪನಿಗಳು ಆ ಮಾತನ್ನೇ ಹಿಡಿದು, ಗ್ಯಾರೇಜಿನ ಒಟ್ಟು ಮೊತ್ತವನ್ನು ಬಿಟ್ಟು, ಸವಕಳಿ (ಭಾಗ ಹಳೆಯದಾದದ್ದಕ್ಕೆ ಬೆಲೆಯಲ್ಲಿ ಹಿಡಿಯುವ ಪಾಲು) ಕಳೆದು ತಾವು ಕೊಡಬೇಕಾದ ಮೊತ್ತವನ್ನು 75%ರ ಪಕ್ಕ ಇಟ್ಟು ನೋಡುತ್ತವೆ.

ಸವಕಳಿ ದರ ಇವು. ರಬ್ಬರ್, ನೈಲಾನ್, ಪ್ಲಾಸ್ಟಿಕ್, ಟೈರ್, ಬ್ಯಾಟರಿ, ಏರ್‌ಬ್ಯಾಗ್‌ಗೆ 50%. ಫೈಬರ್ ಗ್ಲಾಸ್‌ಗೆ 30%. ಗಾಜಿಗೆ ಸವಕಳಿಯೇ ಇಲ್ಲ. ಲೋಹದ ಭಾಗಗಳಿಗೆ ಕಾರಿನ ವಯಸ್ಸಿನ ಮೇಲೆ: 6 ತಿಂಗಳವರೆಗೆ ಇಲ್ಲ, 1 ವರ್ಷದವರೆಗೆ 5%, 2 ವರ್ಷದವರೆಗೆ 10%, 3ರವರೆಗೆ 15%, 4ರವರೆಗೆ 25%, 5ರವರೆಗೆ 35%, 10ರವರೆಗೆ 40%, ಅಲ್ಲಿಂದ ಮೇಲೆ 50%. ಪೇಂಟಿಂಗ್ ಬಿಲ್ ಒಟ್ಟಾಗಿ ಬಂದರೆ ಅದರ 25% ಬಣ್ಣದ ಸಾಮಗ್ರಿ ಎಂದು ಲೆಕ್ಕ, ಆ ಸಾಮಗ್ರಿಯ ಮೇಲೆ ಮಾತ್ರ 50% ಸವಕಳಿ.

ಒಂದು ಕಾರು ತೆಗೆದುಕೊಳ್ಳೋಣ. ವಯಸ್ಸು 3 ವರ್ಷ 4 ತಿಂಗಳು, 1,200 ಸಿಸಿ, ಐಡಿವಿ 6,00,000. ತೆರಿಗೆ ಸೇರಿ ಎಸ್ಟಿಮೇಟು 5,20,000: ಲೋಹದ ಭಾಗ 2,20,000, ಪ್ಲಾಸ್ಟಿಕ್, ರಬ್ಬರ್, ಏರ್‌ಬ್ಯಾಗ್ 1,60,000, ಗಾಜು 20,000, ಕೂಲಿ 60,000, ಪೇಂಟಿಂಗ್ 60,000.

ಲೋಹಕ್ಕೆ 25% ಕಳೆದರೆ 1,65,000. ಪ್ಲಾಸ್ಟಿಕ್ ವಗೈರೆಗೆ ಅರ್ಧ, 80,000. ಗಾಜು ಪೂರ್ತಿ 20,000. ಕೂಲಿ ಪೂರ್ತಿ 60,000. ಪೇಂಟಿಂಗಿನಲ್ಲಿ ಸಾಮಗ್ರಿ 15,000, ಅದರಲ್ಲಿ ಅರ್ಧ ಕಳೆದು 52,500. ಒಟ್ಟು 3,77,500. ಮಾಲೀಕನೇ ಭರಿಸಬೇಕಾದ ಕಡ್ಡಾಯ ಕಡಿತ 1,500 ಸಿಸಿವರೆಗೆ 1,000, ಅದರ ಮೇಲೆ 2,000. ಇಲ್ಲಿ 1,000 ಕಳೆದರೆ 3,76,500.

ಐಡಿವಿಯ 75% ಎಂದರೆ 4,50,000. ಎಸ್ಟಿಮೇಟು ಅದನ್ನು ದಾಟಿದೆ, ಕಂಪನಿಯ ಹೊಣೆ ದಾಟಿಲ್ಲ. ಹಾಗಾಗಿ "ರಿಪೇರಿ ಮಾಡಿಸಿ" ಎನ್ನುತ್ತಾರೆ, 1,43,500 ನಿಮ್ಮ ಕೈಯಿಂದ ಹೋಗುತ್ತದೆ. ಇದೇ ಕಾರಿಗೆ ಝೀರೋ ಡೆಪ್ (ಸವಕಳಿ ಕಳೆಯದೆ ಕೊಡುವ ಹೆಚ್ಚುವರಿ ಸೌಲಭ್ಯ) ಇದ್ದಿದ್ದರೆ ಕಂಪನಿಯ ಹೊಣೆ 5,19,000 ಆಗಿ ಗೆರೆ ದಾಟುತ್ತಿತ್ತು, ಟೋಟಲ್ ಲಾಸ್ ಆಗುತ್ತಿತ್ತು. ಝೀರೋ ಡೆಪ್ ಎಂದರೆ ಬಂಪರಿನ ಖರ್ಚು ಉಳಿಸುವ ಸೌಲಭ್ಯ ಎಂದಷ್ಟೇ ತಿಳಿದವರು ಬಹಳ. ಕಾರು ಉಳಿಯುತ್ತದೋ ಹೋಗುತ್ತದೋ ಎಂಬುದನ್ನೂ ಅದೇ ತೀರ್ಮಾನಿಸುತ್ತದೆ.

ಈಗ ಐಡಿವಿ. ಟೋಟಲ್ ಲಾಸ್ ಆದಾಗ ಪಾಲಿಸಿಯಲ್ಲಿ ಅಚ್ಚಾದ ಐಡಿವಿಯನ್ನೇ ಮಾರುಕಟ್ಟೆ ಬೆಲೆ ಎಂದು ಇಡೀ ಪಾಲಿಸಿ ಅವಧಿಗೆ ಒಪ್ಪಬೇಕು, ಮತ್ತೆ ಸವಕಳಿ ಕಳೆಯುವಂತಿಲ್ಲ. ಇದೂ ಪಾಲಿಸಿಯಲ್ಲೇ ಇರುವ ವಾಕ್ಯ. "ಸೆಕೆಂಡ್ ಹ್ಯಾಂಡ್ ಮಾರ್ಕೆಟ್ಟಿನಲ್ಲಿ ಈ ಕಾರಿಗೆ ಐದೇ ಲಕ್ಷ" ಎಂದು ಯಾರಾದರೂ ಹೇಳಿದರೆ ಆ ವಾಕ್ಯಕ್ಕೆ ಗೆರೆ ಎಳೆದು ಮೇಲ್ ಮಾಡಿ. ಪ್ರೀಮಿಯಂ ಎರಡು ಸಾವಿರ ಇಳಿಸಲು ರಿನ್ಯೂವಲ್ ಹೊತ್ತಿನಲ್ಲಿ ಐಡಿವಿ ತಗ್ಗಿಸಿದವರಿಗೆ ಮಾತ್ರ ಈ ವಾಕ್ಯ ಮುಳುವಾಗುತ್ತದೆ.

ಹುಬ್ಬಳ್ಳಿ ಹೆದ್ದಾರಿ

ಲೆಕ್ಕದ ಪುಟ ಸರ, ಲೆಕ್ಕ ಖರೇ ಐತಿ. ಆದ್ರ ಮಾಲೀಕ ಸುಮ್ನ ಕುಂತು ಒಪ್ಪಬೇಕಂತಿಲ್ಲ. "ತರುವ ವೆಚ್ಚ" ಅಂತನೂ ಅದರಾಗ ಬರದಾರಲ್ರಿ, ಕಾರು ತಗ್ಗಿನ್ಯಾಗ ಬಿದ್ದಿದ್ರ ಕ್ರೇನಿನ ಬಿಲ್ಲು, ಟೋಯಿಂಗ್ ಬಿಲ್ಲು ಲೆಕ್ಕಕ್ಕ ಹಾಕ್ರಿ ಅಂತ ಕೇಳಬೇಕು.

ಎರಡನೇದ್ದು, ಸರ್ವೇಯರ್ ಶೀಟಿನ್ಯಾಗ ಪ್ರತಿ ಭಾಗದ ಮುಂದ "ಬದಲಿ" ಅಥವಾ "ರಿಪೇರಿ" ಅಂತ ಇರ್ತದ. ಲಾಂಗ್ ಮೆಂಬರ್ ಸೊಟ್ಟಾದ್ದನ್ನ "ರಿಪೇರಿ" ಅಂತ ಬರದ್ರ ಮೊತ್ತ ತಟಕ್ಕನ ಇಳೀತದ, ಟೋಟಲ್ ಲಾಸ್ ಗೆರಿಗೆ ಮುಟ್ಟೂದಿಲ್ಲ. ಕಾರ್ ತಯಾರಕರ ರಿಪೇರಿ ಮ್ಯಾನ್ಯುಅಲ್‌ನ್ಯಾಗ ಯಾವ ಭಾಗ ನೆಟ್ಟಗ ಮಾಡಬಹುದು, ಯಾವುದು ಬದಲಿನ ಮಾಡಬೇಕು ಅಂತ ಇರ್ತೈತಿ. ಸರ್ವಿಸ್ ಸೆಂಟರ್‌ನವರ ಕಡಿಂದ ಅದನ್ನ ಬರವಣಿಗಿ ಒಳಗ ತಗೋರಿ. ಬಾಯಿಮಾತಿಗೆ ಬೆಲಿ ಇಲ್ರಿ.

ಪಾನಾ 12

ಅದು ಸರಿ. ಜೊತೆಗೆ ಫ್ರೇಮ್ ಬೆಂಚ್ ಮೇಲೆ ಅಳತೆ ತೆಗೆಸಿ, ಪ್ರಿಂಟ್ ಕೇಳಿ. ಕಣ್ಣಿಗೆ ನೆಟ್ಟಗೆ ಕಂಡರೂ ಅಳತೆಯಲ್ಲಿ ಮಿಲಿಮೀಟರುಗಳ ವ್ಯತ್ಯಾಸ ಉಳಿದಿದ್ದರೆ ಕಾರು ಒಂದು ಕಡೆಗೆ ಎಳೆಯುತ್ತದೆ, ಟೈರ್ ಒಂದೇ ಬದಿ ಸವೆಯುತ್ತದೆ, ಮುಂದಿನ ಡಿಕ್ಕಿಯಲ್ಲಿ ಆ ಭಾಗ ಕುಸಿಯಬೇಕಾದ ರೀತಿಯಲ್ಲಿ ಕುಸಿಯುವುದಿಲ್ಲ. ಇಡೀ ಬಾಡಿ ಶೆಲ್ ಬದಲಿಸುವುದಾದರೆ ಚಾಸಿಸ್ ನಂಬರನ್ನು ಹೊಸ ಶೆಲ್ಲಿಗೆ ಪಂಚ್ ಮಾಡಲು ಆರ್‌ಟಿಒ ಅನುಮತಿ ಬೇಕು. ಅದನ್ನು ಬಿಟ್ಟು ಕೆಲಸ ಮುಗಿಸಿದರೆ ಮುಂದೆ ಎಫ್‌ಸಿ, ಮಾರಾಟ ಎರಡೂ ನಿಲ್ಲುತ್ತವೆ.

ಗ್ಯಾರೇಜಿನ ಇನ್ನೊಂದು ವಿಷಯ ಹೇಳಲೇಬೇಕು. ಟೋಟಲ್ ಲಾಸ್ ಆದರೆ ಗ್ಯಾರೇಜಿಗೆ ರಿಪೇರಿ ಕೆಲಸ ಸಿಗುವುದಿಲ್ಲ. ಹಾಗಾಗಿ ಬಿಚ್ಚಿದ ಕೂಲಿ, ಎಸ್ಟಿಮೇಟು ಚಾರ್ಜು, ದಿನದ ಲೆಕ್ಕದಲ್ಲಿ ಪಾರ್ಕಿಂಗ್ ಕೇಳುತ್ತಾರೆ. ತಿಂಗಳುಗಟ್ಟಲೆ ನಿಂತರೆ ಪಾರ್ಕಿಂಗ್ ಒಂದೇ ಹತ್ತಾರು ಸಾವಿರ ಮುಟ್ಟುತ್ತದೆ. ಕಾರು ಒಳಗೆ ಬಿಡುವಾಗಲೇ ಜಾಬ್ ಕಾರ್ಡಿನ ಮೇಲೆ ಈ ಮೂರೂ ದರ ಬರೆಸಿ. ವಿಮಾ ಕಂಪನಿಯಿಂದ ತಡವಾದ ದಿನಗಳ ಪಾರ್ಕಿಂಗನ್ನು ಕಂಪನಿಯೇ ಕೊಡಬೇಕೆಂದು ಮೊದಲ ವಾರದಲ್ಲೇ ಮೇಲ್ ಹಾಕಿಡಿ. ಕೊನೆಯಲ್ಲಿ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ.

ಕರಾವಳಿ ಕಾರು

ಸಾಲದ ಕಾರು ಆದ್ರೆ ದುಡ್ಡು ಯಾರ ಕೈಗೆ ಬರುದು ಮಾರಾಯ್ರೆ? ಕಂತು ನಿಲ್ಲಿಸ್ಬಹುದಾ?

ಲೆಕ್ಕದ ಪುಟ

ಕಂತು ನಿಲ್ಲಿಸಬೇಡಿ. ಕಾರು ಇಲ್ಲದಿದ್ದರೂ ಸಾಲ ಇದ್ದೇ ಇದೆ. ಕಂತು ತಪ್ಪಿದರೆ ಸಿಬಿಲ್ ಕೆಡುತ್ತದೆ, ಜೊತೆಗೆ ದಂಡದ ಬಾಕಿ ಬೆಳೆದು, ಸಾಲ ತೀರಿತೆಂದು ಬ್ಯಾಂಕು ಕೊಡುವ ಎನ್‌ಒಸಿ ತಡವಾಗುತ್ತದೆ.

ಆರ್‌ಸಿಯಲ್ಲೂ ಪಾಲಿಸಿಯಲ್ಲೂ ಬ್ಯಾಂಕಿನ ಹೆಸರಿದ್ದರೆ ಟೋಟಲ್ ಲಾಸ್ ಹಣ ಮೊದಲು ಬ್ಯಾಂಕಿಗೆ, ಉಳಿದದ್ದು ನಿಮಗೆ. ಮೇಲಿನ ಕಾರನ್ನೇ ಝೀರೋ ಡೆಪ್ ಇರುವ ಕಾರು ಎಂದುಕೊಳ್ಳಿ. ಅವಶೇಷಕ್ಕೆ, ಅಂದರೆ ಜಖಂ ಆದ ಕಾರಿಗೆ, ಹರಾಜಿನಲ್ಲಿ 2,10,000 ಬಿಡ್ ಬಂದಿದೆ. ಅವಶೇಷ ನೀವೇ ಮಾರಿಕೊಳ್ಳುವ ಪದ್ಧತಿಯಲ್ಲಿ ಕಂಪನಿ ಕೊಡುವುದು 6,00,000 ಕಳೆ 1,000 ಕಳೆ 2,10,000, ಅಂದರೆ 3,89,000. ಸಾಲ 3,40,000 ಬಾಕಿ ಇದ್ದರೆ ಅದು ಬ್ಯಾಂಕಿಗೆ ಹೋಗಿ 49,000 ನಿಮಗೆ, ಜೊತೆಗೆ ಗುಜರಿಯವನಿಂದ 2,10,000. ಸಾಲ 4,20,000 ಇದ್ದರೆ? 31,000 ನೀವು ಮೊದಲು ಕೈಯಿಂದ ಕಟ್ಟಿದರೆ ಮಾತ್ರ ಬ್ಯಾಂಕು ಎನ್‌ಒಸಿ ಕೊಡುತ್ತದೆ. ಎನ್‌ಒಸಿ ಇಲ್ಲದೆ ಅವಶೇಷ ಮಾರುವಂತಿಲ್ಲ, ಅವಶೇಷ ಮಾರದೆ 2,10,000 ಬರುವುದಿಲ್ಲ.

ಇನ್ನೊಂದು ತೊಡಕು: ಬಿಡ್‌ಗೆ ಇಷ್ಟೇ ದಿನ ಎಂಬ ಗಡುವು ಇರುತ್ತದೆ. ಎನ್‌ಒಸಿ ಬರುವಷ್ಟರಲ್ಲಿ ಅದು ಮುಗಿದರೆ ಖರೀದಿದಾರ "ಈಗ ಒಂದೂವರೆ ಲಕ್ಷಕ್ಕಾದರೆ ತಗೊಳ್ತೀನಿ" ಎನ್ನುತ್ತಾನೆ. ಕಂಪನಿ ಮಾತ್ರ ನಿಮ್ಮ ಮೊತ್ತದಿಂದ 2,10,000 ಕಳೆದಾಗಿರುತ್ತದೆ. ಹಾಗಾಗಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಎರಡು ವಿಷಯ ಬರಹದಲ್ಲಿ ಬರಲಿ: ಬಿಡ್‌ನ ಕೊನೆಯ ದಿನಾಂಕ, ಮತ್ತು ಖರೀದಿದಾರ ಹಿಂದೆ ಸರಿದರೆ ಕೊರತೆ ಕಂಪನಿಯದೇ ಎಂಬ ಮಾತು. ಸಾಲದ ಫೋರ್‌ಕ್ಲೋಶರ್ ಸ್ಟೇಟ್‌ಮೆಂಟನ್ನು ಸರ್ವೇ ನಡೆಯುತ್ತಿರುವಾಗಲೇ ಬ್ಯಾಂಕಿನಿಂದ ತರಿಸಿಟ್ಟುಕೊಳ್ಳಿ.

ರಿಟರ್ನ್ ಟು ಇನ್‌ವಾಯ್ಸ್ ಸೇರಿಸಿದ್ದವರಿಗೆ ಐಡಿವಿಯ ಬದಲು ಖರೀದಿ ಬೆಲೆ ಸಿಗುತ್ತದೆ. ಅದು ಟೋಟಲ್ ಲಾಸ್ ಮತ್ತು ಕಳ್ಳತನಕ್ಕೆ ಮಾತ್ರ. ನೋಂದಣಿ ಶುಲ್ಕ, ರಸ್ತೆ ತೆರಿಗೆ ಸೇರುತ್ತವೆಯೇ ಎಂಬುದು ನಿಮ್ಮ ಪಾಲಿಸಿಯ ಒಕ್ಕಣೆ ಓದಿದರೆ ಗೊತ್ತಾಗುತ್ತದೆ.

ತುಂಗಾತೀರ

ಅವಶೇಷದ ಮಾತು ಬಂತಲ್ಲ, ಇಲ್ಲಿ ಜನ ಮಾಡುವ ತಪ್ಪು ವರ್ಷಗಳ ನಂತರ ಕಾಡುತ್ತದೆ. ಗುಜರಿಯವನು ಹಣ ಕೊಟ್ಟು, ಹೆಸರು ವರ್ಗಾವಣೆಯ ಖಾಲಿ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಂಡು, ಒರಿಜಿನಲ್ ಆರ್‌ಸಿ ಸಮೇತ ಕಾರು ಒಯ್ಯುತ್ತಾನೆ. ಹೆಸರು ವರ್ಗಾವಣೆ ಆಗುವುದೇ ಇಲ್ಲ.

ಆ ಕಾರನ್ನು ರಿಪೇರಿ ಮಾಡಿ ಯಾರೋ ಓಡಿಸಿ, ವಿಮೆ ಇಲ್ಲದೆ ಯಾರಿಗೋ ಗುದ್ದಿದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದು. 2018ರಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ: ಕಾರು ಕೈ ಬದಲಾಯಿಸಿದ್ದರೂ ನೋಂದಣಿಯಲ್ಲಿ ಹೆಸರಿರುವವನೇ ಮಾಲೀಕ. ಇನ್ನೂ ಕೆಟ್ಟದ್ದೆಂದರೆ, ಜಖಂ ಕಾರಿನ ಆರ್‌ಸಿ ಮತ್ತು ಚಾಸಿಸ್ ನಂಬರನ್ನು ಅದೇ ಮಾಡೆಲ್ಲಿನ ಕದ್ದ ಕಾರಿಗೆ ಹೊಂದಿಸುವ ದಂಧೆ ಇದೆ.

ರಿಪೇರಿಯಾಗದ ಕಾರಾಗಿದ್ದರೆ ಆರ್‌ಸಿ ರದ್ದು ಮಾಡಿಸಿಯೇ ಅವಶೇಷ ಕೊಡಿ. ವಾಹನ ನಾಶವಾದರೆ ಅಥವಾ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕೆಂದು ಕಾಯ್ದೆಯ 55ನೇ ಕಲಂ ಹೇಳುತ್ತದೆ. ಆರ್‌ಸಿ ಇಲ್ಲದ ಅವಶೇಷಕ್ಕೆ ಬಿಡ್ ಕಡಿಮೆ ಬರುತ್ತದೆ, ನಿಜ. ಆಗ ಕಂಪನಿ ಆ ಕಡಿಮೆ ಬಿಡ್ಡನ್ನೇ ಕಳೆಯಬೇಕು, ಆರ್‌ಸಿ ಸಮೇತ ಬಂದ ಬಿಡ್ಡನ್ನಲ್ಲ. ಎರಡೂ ರೀತಿಯ ಬಿಡ್ ತರಿಸಲು ಸರ್ವೇಯರ್‌ಗೆ ಹೇಳಿ.

ಆರ್‌ಸಿ ಸಮೇತವೇ ಕೊಡುವುದಾದರೆ ಖರೀದಿದಾರನ ಹೆಸರು, ವಿಳಾಸ ತುಂಬಿದ ಫಾರಂಗೆ ಮಾತ್ರ ಸಹಿ ಹಾಕಿ, ಅವನ ಆಧಾರ್ ಪ್ರತಿ, ತಾರೀಖು ಮತ್ತು ಸಮಯ ಬರೆದ ಡೆಲಿವರಿ ನೋಟ್ ತೆಗೆದುಕೊಳ್ಳಿ. ಪರಿವಾಹನ್‌ನಲ್ಲಿ ಹೆಸರು ಬದಲಾಗುವವರೆಗೆ ವಾರಕ್ಕೊಮ್ಮೆ ನೋಡುತ್ತಿರಿ. ಟ್ರಾಫಿಕ್ ದಂಡ ಬಾಕಿ ಇದ್ದರೆ ವರ್ಗಾವಣೆ ಅಲ್ಲೇ ನಿಲ್ಲುತ್ತದೆ, ಅದನ್ನು ಮೊದಲು ತೀರಿಸಿ. ಸಾಲದ ಕಾರಿಗೆ, ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸುವ ಫಾರಂ 35 ಕೂಡ ಬೇಕು.

ಬಯಲುಸೀಮೆ

ಸೆಕೆಂಡ್ ಹ್ಯಾಂಡ್ ಕಾರು, ಆರ್‌ಸಿ ಹೆಸರಿಗೆ ಆಗಿದೆ, ಇನ್ಶೂರೆನ್ಸ್ ಇನ್ನೂ ಹಳೇ ಮಾಲೀಕರ ಹೆಸರಲ್ಲೇ ಇದೆ. ಅವಧಿ ಮುಗಿದಿಲ್ಲ. ಕ್ಲೇಮ್ ಆಗುತ್ತಾ?

ಕೋರ್ಟ್ ಬೀದಿ

ನಿಮ್ಮ ಕಾರಿನ ಜಖಮ್ಮಿಗೆ ಆಗುವುದಿಲ್ಲ. ಎದುರಿನವರಿಗೆ ಆದ ಹಾನಿಗೆ ಮಾತ್ರ ವಿಮೆ ತಾನಾಗಿ ವರ್ಗವಾಗುತ್ತದೆ, 157ನೇ ಕಲಂ ಅಷ್ಟನ್ನೇ ಕೊಡುತ್ತದೆ. ಸ್ವಂತ ಕಾರಿನ ಹಾನಿಗೆ ಪಾಲಿಸಿಯೂ ಹೊಸ ಹೆಸರಿಗೆ ಬಂದಿರಬೇಕೆಂದು ಸುಪ್ರೀಂ ಕೋರ್ಟ್ 1996ರಲ್ಲೇ ತೀರ್ಮಾನಿಸಿದೆ. ವರ್ಗಾವಣೆಯಾದ 14 ದಿನದೊಳಗೆ ಕಂಪನಿಗೆ ಅರ್ಜಿ ಕೊಡಬೇಕು. ಇದನ್ನು ಓದುತ್ತಿರುವವರಲ್ಲಿ ಯಾರ ಪಾಲಿಸಿ ಹಳೇ ಹೆಸರಲ್ಲಿದೆಯೋ ಅವರು ಇವತ್ತೇ ಅರ್ಜಿ ಹಾಕಿ, ನಾಳೆಗೆ ಇಡಬೇಡಿ.

ಕ್ಲೇಮ್ ತಿರಸ್ಕಾರಕ್ಕೆ ಕಾರಣವಾಗುವ ಇನ್ನು ಕೆಲವು: ಚಾಲಕನ ಲೈಸೆನ್ಸ್ ಅಪಘಾತದ ದಿನ ಊರ್ಜಿತದಲ್ಲಿ ಇಲ್ಲದಿರುವುದು, ಮದ್ಯಪಾನ, ತಾತ್ಕಾಲಿಕ ನೋಂದಣಿ ಮುಗಿದ ಮೇಲೂ ಓಡಿಸಿದ್ದು, ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಓಡಿಸಿದ್ದು. ಕೊನೆಯದರಲ್ಲಿ ಪೂರ್ತಿ ಕೈಬಿಡಬೇಕಿಲ್ಲ. 2010ರ ಅಮಲೇಂದು ಸಾಹೂ ಪ್ರಕರಣದಲ್ಲಿ ಬಾಡಿಗೆಗೆ ಓಡಿಸಿದ್ದರೂ ಕ್ಲೇಮನ್ನು ಪೂರ್ತಿ ತಳ್ಳಿಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಇಂಥ ಷರತ್ತು ಉಲ್ಲಂಘನೆಗಳಲ್ಲಿ 75%ರವರೆಗೆ ಕೊಡುವ ಪದ್ಧತಿಯನ್ನೂ ಅದು ಎತ್ತಿಹಿಡಿಯಿತು. ತಿರಸ್ಕಾರ ಪತ್ರ ಬಂದರೆ ಈ ಪ್ರಕರಣದ ಹೆಸರು ಹಿಡಿದು ಮರುಪರಿಶೀಲನೆ ಕೇಳಿ.

ಕ್ಲೇಮ್ ಫಾರಂನಲ್ಲಿ ಚಾಲಕನ ಹೆಸರನ್ನು ಬದಲಿಸಿ ಬರೆಯುವವರಿದ್ದಾರೆ. ದಯವಿಟ್ಟು ಬೇಡ. ಠಾಣೆಯ ದಾಖಲೆ, ಆಸ್ಪತ್ರೆ ಚೀಟಿ, ಟೋಲ್ ಕ್ಯಾಮೆರಾ ಮೂರರಲ್ಲಿ ಒಂದು ಹೊಂದದಿದ್ದರೆ ಸಾಚಾ ಕ್ಲೇಮೂ ಬಿದ್ದುಹೋಗುತ್ತದೆ.

ಹುಬ್ಬಳ್ಳಿ ಹೆದ್ದಾರಿ

ತಪ್ಪು ಎದುರಿನ ಲಾರಿಯವಂದ ಇದ್ರ ನಮ್ಮ ಪಾಲಿಸಿ ಯಾಕ ಮುಟ್ಟಬೇಕು, ಅವನ ಇನ್ಶೂರೆನ್ಸ್‌ನಿಂದ ತಗೋಬಹುದಲ್ಲ ಅಂತ ಭಾಳ ಮಂದಿ ಕೇಳ್ತಾರ. ಕೋರ್ಟ್ ಬೀದಿ ಸರ, ಅದನ್ನೂ ಬರೀರಿ.

ಕೋರ್ಟ್ ಬೀದಿ

ತೆಗೆದುಕೊಳ್ಳಬಹುದು, ಆದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮೂಲಕ. ಬೆಂಗಳೂರಿನಲ್ಲಿ ಲಘು ವ್ಯವಹಾರ ನ್ಯಾಯಾಲಯದಲ್ಲಿ ನಡೆಯುತ್ತದೆ. 166ನೇ ಕಲಮಿನ ಅರ್ಜಿಯನ್ನು 6 ತಿಂಗಳೊಳಗೆ ಹಾಕಬೇಕು. 2022ರ ಏಪ್ರಿಲ್ 1ರಿಂದ ಈ ಗಡುವು ಬಂದಿದೆ. ಕಾರು, ಲಾರಿಗಳ ಥರ್ಡ್ ಪಾರ್ಟಿ ಪಾಲಿಸಿ ಬೇರೆಯವರ ಆಸ್ತಿ ಹಾನಿಗೆ ಮಾಮೂಲಾಗಿ 7.5 ಲಕ್ಷದವರೆಗೆ ಹೊಣೆ ಹೊರುತ್ತದೆ. ಎದುರಿನವರು ಪ್ರೀಮಿಯಂ ಉಳಿಸಲು ಅದನ್ನು 6,000ಕ್ಕೆ ಇಳಿಸಿಕೊಂಡಿರಲೂಬಹುದು, ಅವರ ಪಾಲಿಸಿಯ ಪ್ರತಿ ನೋಡಿ.

ನ್ಯಾಯಮಂಡಳಿಯಲ್ಲಿ ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ ಕಾರು ಕೊಳೆಯಬಾರದು. ಹಾಗಾಗಿ ನನ್ನ ಸಲಹೆ: ಮೊದಲು ಸ್ವಂತ ಪಾಲಿಸಿಯಿಂದ ಪಡೆಯಿರಿ. ಅದರಲ್ಲಿ ಸಿಗದೆ ನಿಮ್ಮ ಕೈಯಿಂದ ಹೋದದ್ದನ್ನು, ಲೆಕ್ಕದ ಪುಟ ಅವರ ಉದಾಹರಣೆಯ 1,43,500 ಇದೆಯಲ್ಲ, ಅದನ್ನು ಎದುರು ವಾಹನದ ಮಾಲೀಕ ಮತ್ತು ಅವರ ವಿಮಾ ಕಂಪನಿಯಿಂದ ಕೇಳಿ. ಒಂದೇ ಮೊತ್ತವನ್ನು ಎರಡು ಕಡೆ ಕೇಳುವಂತಿಲ್ಲ.

ರಸ್ತೆ ಬದಿಯಲ್ಲಿ ರಾಜಿ ಪತ್ರ ಬರೆದುಕೊಡಬೇಡಿ. ಹತ್ತು ಸಾವಿರ ತೆಗೆದುಕೊಂಡು "ಮುಂದೆ ಯಾವುದೇ ತಕರಾರಿಲ್ಲ" ಎಂದು ಬರೆದರೆ ನ್ಯಾಯಮಂಡಳಿಯ ದಾರಿ ಮುಚ್ಚುತ್ತದೆ. ಎದುರಿನವರಿಂದ ವಸೂಲು ಮಾಡುವ ನಿಮ್ಮ ಕಂಪನಿಯ ಹಕ್ಕೂ ಹಾಳಾಗುತ್ತದೆ, ಅದನ್ನೇ ಹಿಡಿದು ಕಂಪನಿ ನಿಮ್ಮ ಕ್ಲೇಮನ್ನು ತಡೆಯಬಹುದು.

ಕರಾವಳಿ ಕಾರು

ಸರ್ವೇಯರ್ ಬಂದು ಹೋಗಿ ತಿಂಗಳಾದ್ರೂ "ಅಪ್ರೂವಲ್‌ಗೆ ಕಳ್ಸಿದ್ದೇವೆ" ಅಂತ ಮಾತ್ರ ಹೇಳಿದ್ರೆ ಯಾರನ್ನು ಹಿಡಿಯುದು?

ಕೋರ್ಟ್ ಬೀದಿ

ಗಡುವುಗಳು ಇವೆ. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹೊರಡಿಸಿದ ಮಾಸ್ಟರ್ ಸುತ್ತೋಲೆಯ ಪ್ರಕಾರ ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕವಾಗಬೇಕು, ನೇಮಕವಾದ 15 ದಿನದೊಳಗೆ ವರದಿ ಬರಬೇಕು, ವರದಿ ಬಂದ 7 ದಿನದೊಳಗೆ ಕಂಪನಿ ತೀರ್ಮಾನ ಹೇಳಬೇಕು. ನಿಮ್ಮ ಮೇಲ್‌ನಲ್ಲಿ ಮೂರೂ ತಾರೀಖುಗಳನ್ನು ಬರೆದು "ಇಂತಿಷ್ಟು ದಿನ ಮೀರಿದೆ" ಎಂದು ಕೇಳಿ. ಸರ್ವೇ ವರದಿಯ ಪ್ರತಿ ಪಡೆಯುವುದು ನಿಮ್ಮ ಹಕ್ಕು. ವರದಿಯೇ ಕೊನೆಯ ಮಾತಲ್ಲ, ಪ್ರಶ್ನಿಸಬಹುದು ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿದೆ. ಆದರೆ ಪ್ರಶ್ನಿಸಲು ಭಾಗವಾರು ಕಾರಣ ಬೇಕು. "ಕಡಿಮೆ ಆಯಿತು" ಎಂದು ಬರೆದರೆ ಏನೂ ಆಗುವುದಿಲ್ಲ. "ಲೋಹದ ಬ್ರಾಕೆಟ್ಟಿಗೆ ಪ್ಲಾಸ್ಟಿಕ್ಕಿನ 50% ಸವಕಳಿ ಹಾಕಿದ್ದೀರಿ, 25% ಇರಬೇಕು" ಎಂದು ಬರೆದರೆ ತಿದ್ದಲೇಬೇಕಾಗುತ್ತದೆ.

ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು, ಜೊತೆಗೆ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲಿನಲ್ಲಿ ಅಥವಾ 155255ಕ್ಕೆ ಕರೆ ಮಾಡಿ ನೋಂದಣಿ. ಒಂದು ತಿಂಗಳು ಕಾದರೂ ಉತ್ತರವಿಲ್ಲದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಲೋಕಪಾಲರ ಬಳಿ ಹೋಗಿ. ಕರ್ನಾಟಕದವರಿಗೆ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿ ಕಚೇರಿ. ಶುಲ್ಕವಿಲ್ಲ, ವಕೀಲರಿಗೆ ಅವಕಾಶವೂ ಇಲ್ಲ. 50 ಲಕ್ಷದವರೆಗೆ ಪರಿಹಾರ ಕೊಡಿಸುವ ಅಧಿಕಾರವಿದೆ, ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ. ಆದರೆ ಅದೇ ವಿಷಯ ಗ್ರಾಹಕ ಆಯೋಗದಲ್ಲಿ ಇದ್ದರೆ ಅವರು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಮೊದಲು ಲೋಕಪಾಲರು, ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಆಯೋಗಕ್ಕೆ 2 ವರ್ಷದ ಗಡುವು, ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು.

"ಪೂರ್ತಿ ಮತ್ತು ಅಂತಿಮ" ಎಂದಿರುವ ವೋಚರಿಗೆ ಸಹಿ ಹಾಕದೆ ದುಡ್ಡೇ ಬಿಡುಗಡೆ ಮಾಡದಿದ್ದರೆ? ಹೆಚ್ಚಿನ ಮೊತ್ತ ಕೇಳುವ ಹಕ್ಕನ್ನು ಇಂಥ ವೋಚರ್ ಕಸಿಯಬಾರದು ಎಂದು ಪ್ರಾಧಿಕಾರ 2015ರ ಸೆಪ್ಟೆಂಬರಿನಲ್ಲೇ ಕಂಪನಿಗಳಿಗೆ ತಿಳಿಸಿದೆ. ಆದರೂ ಸಹಿಯ ಪಕ್ಕದಲ್ಲಿ "ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ" ಎಂದು ಕೈಬರಹದಲ್ಲಿ ಬರೆದು, ಅವತ್ತೇ ಅದನ್ನು ಮೇಲ್ ಮಾಡುವುದು ಒಳ್ಳೆಯದು.

ಪಾನಾ 12

ಕಾರು ಬಿಟ್ಟುಕೊಡುವ ದಿನದ ಕೆಲಸಗಳನ್ನೂ ಸೇರಿಸುತ್ತೇನೆ. ಫಾಸ್ಟ್ಯಾಗ್ ಕಿತ್ತು, ನೀಡಿದ ಬ್ಯಾಂಕಿಗೆ ಹೇಳಿ ಮುಚ್ಚಿಸಿ, ಇಲ್ಲದಿದ್ದರೆ ಯಾರದೋ ಟೋಲ್ ನಿಮ್ಮ ಖಾತೆಯಿಂದ ಹೋಗುತ್ತದೆ. ಸ್ಟೀರಿಯೊದಲ್ಲಿ ಸೇವ್ ಆಗಿರುವ ಫೋನ್ ನಂಬರುಗಳು, ಮನೆ ವಿಳಾಸ ಅಳಿಸಿ. ಬ್ಯಾಟರಿ ಸತ್ತಿದ್ದರೆ ಹೊರಗಿನ ಬ್ಯಾಟರಿ ಕೊಟ್ಟು ಆನ್ ಮಾಡಬಹುದು. ಡ್ಯಾಶ್‌ಕ್ಯಾಮ್ ಕಾರ್ಡ್ ತೆಗೆದಿಟ್ಟುಕೊಳ್ಳಿ, ನ್ಯಾಯಮಂಡಳಿಗೆ ಬೇಕಾಗುತ್ತದೆ. ಎರಡೂ ಕೀ ಕೊಡಬೇಕು, ಒಂದು ಕಳೆದುಹೋಗಿದ್ದರೆ ಮೊದಲೇ ಹೇಳಿ. ಸ್ಟೆಪ್ನಿ, ಜಾಕು, ಟೂಲ್ ಕಿಟ್ ಬಿಡ್‌ನಲ್ಲಿ ಸೇರಿರುತ್ತವೆ, ಅವನ್ನು ತೆಗೆಯಬೇಡಿ.

ತುಂಗಾತೀರ

ಆರ್‌ಸಿ ರದ್ದು ಮಾಡಿಸಿದವರು ಇನ್ನೊಂದನ್ನು ಮರೆಯಬಾರದು. ನಮ್ಮ ರಾಜ್ಯದಲ್ಲಿ ಕಾರಿಗೆ ಕಟ್ಟಿರುವುದು ಜೀವಾವಧಿ ತೆರಿಗೆ. ನೋಂದಣಿ ರದ್ದಾದರೆ ಕಾರಿನ ವಯಸ್ಸಿಗೆ ತಕ್ಕಂತೆ ಅದರ ಉಳಿದ ಭಾಗವನ್ನು ಮರಳಿ ಕೇಳಲು ಅವಕಾಶವಿದೆ. ರದ್ದತಿ ಆದೇಶ, ತೆರಿಗೆ ಕಟ್ಟಿದ ರಸೀದಿ, ಬ್ಯಾಂಕ್ ವಿವರದೊಂದಿಗೆ ಅದೇ ಆರ್‌ಟಿಒ ಕಚೇರಿಗೆ ಅರ್ಜಿ ಕೊಡಿ. ಕಾರು ಹೊಸದಾಗಿದ್ದಷ್ಟೂ ಮೊತ್ತ ಹೆಚ್ಚು. ರದ್ದತಿ ಅರ್ಜಿ ಕೊಡುವ ದಿನವೇ ಇದನ್ನೂ ಕೊಟ್ಟು ಎರಡಕ್ಕೂ ಬೇರೆ ಬೇರೆ ಸ್ವೀಕೃತಿ ಪಡೆಯಿರಿ.